ದನದ ಲಸಿಕೆಗೆ ಹಣವೇಕೆ?



“ಪ್ರಯೋಗಶಾಲೆಗೆ ಹಾಕುವ ಹಣವನ್ನು ನಮ್ಮೂರ ಕೆರೆಗೆ ಕೊಡಬಾರದೆ?” ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಿಮ್ಮ ಕೊಟ್ಟಿಗೆಯಲ್ಲೇ ಇದೆ.

ಹಿಂದೆ ದೊಡ್ಡರೋಗ ಬಂತೆಂದರೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. 1920ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಎಡ್ವರ್ಡ್ಸ್ ಎಂಬುವರು ಆ ರೋಗಾಣುವನ್ನು ಆಡುಗಳಲ್ಲಿ ಮತ್ತೆ ಮತ್ತೆ ಹಾಯಿಸಿ, ದನಗಳ ಮೇಲೆ ಅದರ ಕಸುವು ತಗ್ಗಿಸಿ ಲಸಿಕೆ ಮಾಡಿದರು. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯ ಮೊದಲಾಯಿತು. 1995ರ ಬಳಿಕ ನಮ್ಮ ದೇಶದಲ್ಲಿ ಆ ರೋಗ ಕಾಣಲಿಲ್ಲ. 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಈಗ ದನಗಳಿಗೆ ಆ ಲಸಿಕೆ ಹಾಕುವ ಖರ್ಚೂ ಉಳಿದಿದೆ.

ಕಾಲುಬಾಯಿ ಜ್ವರದ ಕಾಟ ಮಾತ್ರ ತಪ್ಪಿಲ್ಲ. ನಮ್ಮ ದೇಶದಲ್ಲಿ ಅದರ ರೋಗಾಣುವಿಗೆ ಓ, ಎ, ಏಷ್ಯಾ-1 ಎಂಬ ಮೂರು ಬಗೆ. ಒಂದರ ಲಸಿಕೆ ಇನ್ನೊಂದನ್ನು ತಡೆಯದು. ರೋಗಾಣು ಬದಲಾದರೆ ಲಸಿಕೆಯನ್ನೂ ತಿದ್ದಬೇಕು. ಆದ್ದರಿಂದ ಸಂಶೋಧನೆಗೆ ಒಂದು ವರ್ಷ ಹಣ ಕೊಟ್ಟು ಮರುವರ್ಷ ನಿಲ್ಲಿಸಿದರೆ ಸಾಲದು. ಪೈರಿಗೆ ನಡುವೆ ನೀರು ನಿಲ್ಲಿಸಿದರೆ ಕಾಳು ಕಟ್ಟೀತೆ?

ನಿಮ್ಮ ಪಾಲಿನ ಕೆಲಸವೂ ಇದೆ. ಲಸಿಕೆ ಹಾಕುವವರು ಬಂದಾಗ ದನಗಳನ್ನು ತಪ್ಪದೆ ಹಿಡಿದುಕೊಡಿ. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು ಕಂಡರೆ ಆ ದನವನ್ನು ಬೇರೆ ಕಟ್ಟಿ, ಕೂಡಲೇ ಪಶುವೈದ್ಯರಿಗೆ ತಿಳಿಸಿ. ಅಂಥ ದನದಿಂದ ಅವರು ತೆಗೆದು ಕಳುಹಿಸುವ ಮಾದರಿಯಿಂದಲೇ ಯಾವ ಬಗೆಯ ರೋಗಾಣು ಬಂದಿದೆಯೆಂದು ಪ್ರಯೋಗಶಾಲೆಗೆ ತಿಳಿಯುವುದು.