ಎದುರಾಳಿಯ ಸರ್ವ್, ನಮ್ಮ ಸಿದ್ಧತೆ



ಈ ಮೈದಾನದಲ್ಲಿ ಕಬಡ್ಡಿ, ಖೋಖೋ ಆಡಿ ಬೆಳೆದ ನಾನು ಟೆನಿಸ್ ರಾಕೆಟ್ ಹಿಡಿದದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ. ಆ ಆಟದಲ್ಲಿ ಕಷ್ಟದ ಕೆಲಸ ಸರ್ವ್ ಹಿಂದಿರುಗಿಸುವುದು. ಚೆಂಡು ಎತ್ತ, ಎಷ್ಟು ವೇಗದಲ್ಲಿ ಬರಬೇಕೆಂಬುದು ಎದುರಾಳಿಯ ಆಯ್ಕೆ. ನಮ್ಮದು ಸಿದ್ಧತೆ ಮಾತ್ರ. ಆತ ಚೆಂಡನ್ನು ಮೇಲೆಸೆಯುವಾಗಲೇ ಕಣ್ಣು ಅದರ ಮೇಲಿರಬೇಕು. ಹೊಡೆಯುವ ಹೊತ್ತಿಗೆ ನಾವು ಸಣ್ಣದೊಂದು ಜಿಗಿತ ಜಿಗಿದು ಎರಡೂ ಕಾಲ ಮೇಲೆ ಹಗುರವಾಗಿ ನಿಲ್ಲಬೇಕು. ರಾಕೆಟ್ಟನ್ನು ಬಹಳ ಹಿಂದಕ್ಕೆ ಒಯ್ಯದೆ, ಅಂಕಣದ ನಡುವಿಗೆ, ಆಳಕ್ಕೆ ತಳ್ಳಿದರೂ ಆಟ ಉಳಿಯುತ್ತದೆ. ವಾಲಿಬಾಲ್ ಸರ್ವ್ ಎತ್ತುವ ನಮ್ಮ ಹುಡುಗ ಹುಡುಗಿಯರಿಗೂ ಸಿದ್ಧತೆಯ ಮಾತು ಇದೇ.

2019ರ ವಿಂಬಲ್ಡನ್ ಫೈನಲ್‌ನ ಐದನೇ ಸೆಟ್‌ನಲ್ಲಿ ಫೆಡರರ್ ಸರ್ವ್ ಮಾಡುತ್ತಿದ್ದರು. ಪ್ರಶಸ್ತಿಗೆ ಒಂದೇ ಪಾಯಿಂಟ್ ಸಾಕಿತ್ತು, ಅವಕಾಶ ಎರಡಿದ್ದವು. ಎರಡೂ ಪಾಯಿಂಟ್ ಜೊಕೊವಿಚ್ ಪಾಲಾದವು. ಇಡೀ ಪಂದ್ಯದಲ್ಲಿ ಫೆಡರರ್ ಗಳಿಸಿದ್ದು 218 ಪಾಯಿಂಟ್, ಜೊಕೊವಿಚ್ 204. ಆದರೂ ಗೆದ್ದವರು ಜೊಕೊವಿಚ್! ಹೋದ ಪಾಯಿಂಟನ್ನು ತಲೆಯಲ್ಲಿ ಹೊತ್ತು ನಿಂತವರಿಗೆ ಇದು ಆಗುವ ಮಾತಲ್ಲ.

ಮಕ್ಕಳೇ, ಪಟ್ಟಣದ ತಂಡದ ಬೂಟು, ಇಂಗ್ಲಿಷು ಕಂಡು ಪಂದ್ಯಕ್ಕೆ ಮೊದಲೇ ಸೋಲಬೇಡಿ. ಬಿ.ಇ. ಮುಗಿಸಿ ಇಂಟರ್‌ವ್ಯೂಗೆ ಕುಳಿತಾಗ ನನಗೂ ಪ್ರಶ್ನೆಗಳು ಸರ್ವ್‌ನಂತೆಯೇ ಬಂದವು. ತಿಳಿದದ್ದನ್ನು ಚಿಕ್ಕದಾಗಿ, ನೇರವಾಗಿ ಹೇಳು ಎಂದು ಕಲಿಸಿದ್ದು ಈ ಶಾಲೆಯ ಗುರುಗಳು.