ದೀಕ್ಷಾಸ್ನಾನದ ನಂತರದ ಎಂಟು ವರ್ಷ

(ಕ್ರೈಸ್ತ ಮಹಿಳೆಯರ ಸಮ್ಮೇಳನವೊಂದರ ಅಧ್ಯಕ್ಷ ಭಾಷಣ)



'ಸಂಪೂರ್ಣ ಸಮರ್ಪಣೆ' ಎಂಬ ವಿಷಯವನ್ನು ಆರಿಸಿದ್ದು ಕಾರ್ಯಕಾರಿ ಸಮಿತಿ. ಕೇಳಿದ ಕೂಡಲೇ ನನಗೆ ಕೊಂಚ ಅಳುಕಾಯಿತು. ನಮ್ಮ ಕೂಟಗಳ ಕೊನೆಯ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿರುತ್ತದೆ, ಪ್ರಸಂಗಿಗಳು "ಮುಂದೆ ಬನ್ನಿ" ಎನ್ನುತ್ತಾರೆ, ಹತ್ತಾರು ಮಂದಿ ಬಂದು ಮೊಣಕಾಲೂರುತ್ತಾರೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಮರುವರ್ಷ ಅದೇ ಹೆಣ್ಣುಮಗಳು ಅದೇ ಜಾಗದಲ್ಲಿ ಮೊಣಕಾಲೂರಿ, ಹೋದ ವರ್ಷ ಕೊಟ್ಟದ್ದು ಸರಿಯಾಗಿ ಕೊಟ್ಟಂತಾಗಲಿಲ್ಲವೇನೋ ಎಂದು ಅಳುತ್ತಾಳೆ. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ ಇದು ಎಂದು ಅವಳಿಗೆ ಹೇಳಿಕೊಟ್ಟವರು ನಾವೇ. ಹಾಗಲ್ಲ ಎಂದು ಹೇಳಲು ಇವತ್ತು ನಿಂತಿದ್ದೇನೆ. ಅದಕ್ಕೆ ಸಾಕ್ಷಿಯಾಗಿ ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬ ಹೆಂಗಸನ್ನು ಕರೆತರುತ್ತೇನೆ.

ಕಾರ್ಕಳದಿಂದ ಕುದುರೆಮುಖದ ಘಟ್ಟ ಹತ್ತುವ ದಾರಿಯಲ್ಲಿ ಮಾಳ ಎಂಬ ಊರಿದೆ. ಅಲ್ಲಿನ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಣ್ಣಿಗೆ ದೇವಭಾಷೆಯೇ ಎಂದು ಸುತ್ತಲಿನವರು ಹರಿಹಾಯ್ದರು. ಶಾಸ್ತ್ರಿಗಳು ಘಟ್ಟದ ಮೇಲೆ, ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರಲ್ಲಿ ಅವರ ಮಗಳು ರಮಾ ಹುಟ್ಟಿದ್ದು ಅಲ್ಲಿ. ಕೂಸಿಗೆ ಆರು ತಿಂಗಳಾದಾಗ ಕುಟುಂಬ ಕಾಡು ಬಿಟ್ಟು ಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದನಂತೆ. ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದವರು ಇವರೇ.

ಬಾಲ್ಯದ ಕಥೆಯನ್ನು ಬೆಳೆಸುವುದಿಲ್ಲ. ತಾಯಿಯೇ ಸಂಸ್ಕೃತ ಕಲಿಸಿದರು. ಊರೂರಲ್ಲಿ ಪುರಾಣ ಹೇಳಿ ಹೊಟ್ಟೆ ಹೊರೆದರು. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಕಣ್ಣೆದುರೇ ತೀರಿಹೋದರು. ಕಲ್ಕತ್ತೆಯ ಪಂಡಿತರು 'ಸರಸ್ವತಿ' ಎಂಬ ಬಿರುದು ಕೊಟ್ಟರು. ಅಣ್ಣ ತೀರಿಕೊಂಡ. ಮದುವೆಯಾದ ಎರಡು ವರ್ಷಕ್ಕೆ ಗಂಡನೂ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ಉಳಿದದ್ದು ಪುಟ್ಟ ಮಗಳು ಮನೋರಮಾ.

1883ರಲ್ಲಿ ವೈದ್ಯಕೀಯ ಕಲಿಯಲೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದು ಆ ಬಾಗಿಲು ಮುಚ್ಚಿತು. ವಾಂಟೇಜಿನ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡಿದ್ದ ಅವರನ್ನು ಫುಲ್ಹಮ್‌ನ ಒಂದು ಆಶ್ರಯಧಾಮಕ್ಕೆ ಕರೆದೊಯ್ದರು. ಸಮಾಜ ಹೊರಹಾಕಿದ ಹೆಂಗಸರನ್ನು ಅಲ್ಲಿನ ಸೋದರಿಯರು ಒಡಹುಟ್ಟಿದವರಂತೆ ನೋಡಿಕೊಳ್ಳುತ್ತಿದ್ದರು. ಏಕೆ ಹೀಗೆ ಎಂದು ರಮಾಬಾಯಿ ಕೇಳಿದರು. ಸೋದರಿಯೊಬ್ಬರು ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆ ಓದಿದರು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ನಮ್ಮ ಸಾಕ್ಷಿಗಳೆಲ್ಲ ಇಲ್ಲಿಗೇ ಮುಗಿಯುತ್ತವೆ, ಗಮನಿಸಿದ್ದೀರಾ? ರಮಾಬಾಯಿ ಮುಗಿಸಲಿಲ್ಲ. 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳುವುದೇನೆಂದರೆ, ದೀಕ್ಷಾಸ್ನಾನದ ದಿನ ತನಗೆ ಒಂದು ಒಳ್ಳೆಯ ಮತ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ. ಇದು ಅರಿವಾಗಲು ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷ ಅವರೇನು ಸುಮ್ಮನೆ ಕೂತಿರಲಿಲ್ಲ. ಅಮೆರಿಕದಲ್ಲೆಲ್ಲ ಓಡಾಡಿ ಹಣ ಕೂಡಿಸಿದರು. ಮೇಲ್ಜಾತಿಯ ಹಿಂದೂ ಹೆಂಗಸರ ಬದುಕನ್ನು ಕುರಿತು ಪುಸ್ತಕ ಬರೆದರು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೊರಗಿನಿಂದ ನೋಡಿದವರಿಗೆ ಸಂಪೂರ್ಣ ಸಮರ್ಪಿತ ಜೀವ. ಒಳಗೆ ಇನ್ನೂ ಏನೋ ಬಾಕಿ. ಸೇವೆ ಜಾಸ್ತಿಯಾದಷ್ಟೂ ಸಮರ್ಪಣೆ ಜಾಸ್ತಿ ಎಂದು ಲೆಕ್ಕ ಹಾಕುವ ನಮ್ಮ ಸಭೆಗಳು ಇದನ್ನು ಸ್ವಲ್ಪ ನಿಂತು ಓದಬೇಕು.

ಇನ್ನೊಂದು ವಿಚಾರ ಇದೆ. ಸಮರ್ಪಣೆ ಎಂದರೆ ಬುದ್ಧಿಯನ್ನೂ ಒಪ್ಪಿಸಿ ತಲೆಯಾಡಿಸುವುದು ಎಂದು ಹೆಂಗಸರಾದ ನಮಗೆ ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ರಮಾಬಾಯಿ ಹಾಗಿರಲಿಲ್ಲ. ತನ್ನನ್ನು ಮಗಳಂತೆ ಕಂಡ, ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ತ್ರಿಯೇಕ ದೇವರ ಬೋಧನೆ ತನಗೆ ಮನವರಿಕೆಯಾಗುವವರೆಗೆ ಒಪ್ಪೆನೆಂದರು. ಶಿಲುಬೆಯ ಪದಕದ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗಬಾರದು ಎಂದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಸಿಸ್ಟರ್‌ಗೆ ಇದು ಅಹಂಕಾರವಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ದೇವರಿಗೆ ಕೊಡಬೇಕಾದ್ದನ್ನು ಮನುಷ್ಯರ ಕೈಗೆ ಕೊಡಲು ಒಪ್ಪದವರು ಮಾತ್ರ ಅದನ್ನು ನಿಜವಾಗಿ ದೇವರಿಗೆ ಕೊಡಬಲ್ಲರು. ವೇದಿಕೆಯ ಮೇಲಿರುವ ಹಿರಿಯರು ಈ ಮಾತಿಗೆ ಬೇಸರಿಸಬಾರದು.

ಹಾಗೆಂದು ಅವರ ದಾರಿಯೆಲ್ಲ ಹೂವಿನ ಹಾಸಿಗೆಯೂ ಅಲ್ಲ, ಅವರ ನಡೆಯೆಲ್ಲ ಪ್ರಶ್ನಾತೀತವೂ ಅಲ್ಲ. ಸದನ ಪುಣೆಗೆ ಬಂದ ಮೇಲೆ, ಅಲ್ಲಿನ ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರುತ್ತಿದ್ದಾರೆಂದು 1893ರಲ್ಲಿ ದೊಡ್ಡ ಗುಲ್ಲೆದ್ದಿತು. ಅದುವರೆಗೆ ಬೆಂಬಲಿಸಿದ್ದ ರಾನಡೆ, ಭಂಡಾರ್ಕರ್ ಅಂಥ ಸುಧಾರಕರು ಸಲಹಾ ಸಮಿತಿಯಿಂದ ಹೊರನಡೆದರು. ಮತಬೋಧನೆಯಿಲ್ಲ ಎಂಬ ಭರವಸೆಯ ಮೇಲೆ ಮಕ್ಕಳನ್ನು ಕಳಿಸಿದ್ದ ತಂದೆತಾಯಿಗಳ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಬೇಕೇ ಎಂಬ ರಮಾಬಾಯಿಯ ನಿಲುವೂ ಅರ್ಥವಾಗುತ್ತದೆ.

1896ರ ಹೊತ್ತಿಗೆ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂತು. ಬರದಲ್ಲಿ ಬೆಂದು ಬಂದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋಗಿ, ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಊರೊಳಗೆ ಇಟ್ಟುಕೊಳ್ಳಲು ಅಪ್ಪಣೆಯಿಲ್ಲ. ಕೆಡಗಾಂವ್‌ನಲ್ಲಿ ಕೊಂಡಿದ್ದ ಹೊಲದಲ್ಲಿ ಡೇರೆ ಹಾಕಿಸಿದರು. ಮುಕ್ತಿ ಸದನ ಬೆಳೆದದ್ದು ಹಾಗೆ. ಬಾವಿ ತೋಡಿಸಿದರು, ಮಗ್ಗ ಹಾಕಿಸಿದರು, ಎಣ್ಣೆ ಗಾಣ, ಹೈನು, ಅಚ್ಚುಕೂಟ ಎಲ್ಲ ಬಂತು. ಕುರುಡು ಹುಡುಗಿಯರಿಗೆ ಮನೋರಮಾ ಬ್ರೈಲ್ ಹೇಳಿಕೊಟ್ಟರು. 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನವಾಯಿತು, ಅದರ ಸುದ್ದಿ ಜಗತ್ತಿಗೆಲ್ಲ ಹರಡಿತು. ನಮ್ಮ ಕೂಟಗಳಲ್ಲಿ ಉಜ್ಜೀವನದ ಕಥೆಯನ್ನು ಮಾತ್ರ ಹೇಳುತ್ತೇವೆ. ಗಾಣದ ಕಥೆ ಹೇಳುವವರಿಲ್ಲ.

ಕಡೆಗಾಲದ ಕೆಲಸವಂತೂ ಇನ್ನೂ ಮೌನದ್ದು. ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದ ಬೇಕೆಂದು ಹೀಬ್ರೂ, ಗ್ರೀಕ್ ಕಲಿತು ಅನುವಾದಕ್ಕೆ ಕೂತರು. ವರ್ಷಗಟ್ಟಲೆ ಅದೇ. ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಸದನದ ಹುಡುಗಿಯರೇ. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಳ್ಳುವ ಸ್ವಲ್ಪ ಮುಂಚಿನವರೆಗೂ ಕರಡು ತಿದ್ದುತ್ತಿದ್ದರು.

ಅದಕ್ಕೆ ಹಿಂದಿನ ವರ್ಷ ಮನೋರಮಾ ತೀರಿಹೋಗಿದ್ದರು, ನಲವತ್ತರ ವಯಸ್ಸಿನಲ್ಲಿ. ನಮ್ಮ ಕಲಬುರಗಿಯಲ್ಲಿ ಶಾಲೆ ತೆರೆಯಲು ದುಡಿದವರು ಆಕೆ. ಅವರ ಹೆಸರು ಬಂದಾಗೆಲ್ಲ ನಾನು ಸ್ವಲ್ಪ ತಡೆಯುತ್ತೇನೆ. ಎರಡು ವರ್ಷದ ಕೂಸಾಗಿ ಅಮ್ಮನ ಜೊತೆ ದೀಕ್ಷಾಸ್ನಾನ ಪಡೆದ ಮಗಳು, ಅಮ್ಮನ ಕೆಲಸದಲ್ಲೇ ಸವೆದಳು. ಆಕೆ ಮನಸಾರೆ ದುಡಿದಳು, ಅನುಮಾನವಿಲ್ಲ. ಆದರೂ ನಾವು ನಮ್ಮನ್ನು ದೇವರಿಗೆ ಕೊಟ್ಟುಕೊಳ್ಳುವಾಗ ಮನೆಯವರನ್ನೂ ಕೇಳದೆ ಪೊಟ್ಟಣದಲ್ಲಿ ಸೇರಿಸಿಬಿಡುತ್ತೇವಲ್ಲ! ಸಭಾಪಾಲಕರ ಮಕ್ಕಳು ಇಲ್ಲಿ ಕೆಲವರಿದ್ದೀರಿ. ನಾನೇನು ಹೇಳುತ್ತಿದ್ದೇನೆಂದು ನಿಮಗೆ ಗೊತ್ತಾಗುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಒಪ್ಪಿಸಿರಿ ಎಂದು ಕೇಳುವುದು ಅವರವರ ದೇಹವನ್ನು, ಬೇರೆಯವರದ್ದನ್ನಲ್ಲ.

ಕೊನೆಯದಾಗಿ ಒಂದು ಕಾರ್ಯಕ್ರಮದ ವಿಷಯ. ಪ್ರತಿ ವರ್ಷ ಹಂಚುವ ಸಮರ್ಪಣೆಯ ಚೀಟಿಯಲ್ಲಿ 'ಪೂರ್ಣಾವಧಿ ಸೇವೆಗೆ' ಎಂಬ ಒಂದೇ ಸಾಲು ಇರುತ್ತಿತ್ತು. ಅಂಗನವಾಡಿಯಲ್ಲಿ, ಬೀಡಿ ಕಟ್ಟುವಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ದುಡಿಯುವವರು ಅದನ್ನು ನೋಡಿ ಮಡಚಿ ಸತ್ಯವೇದದೊಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಈ ಸಲ ಸಮಿತಿಯವರನ್ನು ಒಪ್ಪಿಸಿ ಇನ್ನೊಂದು ಸಾಲು ಸೇರಿಸಿದ್ದೇವೆ: 'ಈಗ ಮಾಡುತ್ತಿರುವ ಕೆಲಸದಲ್ಲಿ'. ಅದರ ಕೆಳಗೆ, ಏನನ್ನು ಇನ್ನೂ ಕೊಟ್ಟಿಲ್ಲ ಎಂದು ಬರೆದುಕೊಳ್ಳಲು ಖಾಲಿ ಜಾಗವಿದೆ. ಆ ಭಾಗವನ್ನು ಹರಿದು ನೀವೇ ಇಟ್ಟುಕೊಳ್ಳಿ, ನಮಗೆ ಬೇಡ. ಊಟದ ಹೊತ್ತಿಗೆ ಚೀಟಿ ನಿಮ್ಮ ಕೈಸೇರುತ್ತದೆ. ಮನೆಯಲ್ಲಿ ಮಾತಾಡಿ, ಮುಂದಿನ ತಿಂಗಳ ಒಳಗೆ ನಿಮ್ಮ ಸಭೆಯ ಕಾರ್ಯದರ್ಶಿಗೆ ಕೊಟ್ಟರೆ ಸಾಕು. ಕೊನೆಯ ರಾತ್ರಿ ಯಾರನ್ನೂ ಮುಂದೆ ಕರೆಯುವುದಿಲ್ಲ.