ಐದನೇ ಇಯತ್ತೆ ಹುಡುಗಿ, ಮೂರನೇ ಇಯತ್ತೆ ಗಣಿತ

ಹೋಮ್‌ಸ್ಕೂಲಿಂಗ್ ಅಂದ ತಕ್ಷಣ ಜನ ಕೇಳೋ ಮೊದಲ ಪ್ರಶ್ನೆ, "ಗಣಿತಕ್ಕೆ ಏನ್ ಮಾಡ್ತೀರಿ?" ಇವತ್ತು ಅದನ್ನೇ ಹೇಳ್ತೀನಿ. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡೋಣ.

ನಾವಿರೋದು ಪುಣೆಯಲ್ಲಿ. ಮಗಳಿಗೆ ಹತ್ತು ವರ್ಷ. ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಶಾಲೆ ಬಿಡಿಸಿದ್ವಿ. ಆ ಉತ್ಸಾಹದಲ್ಲಿ ಅಮೆರಿಕದ ಐದನೇ ಗ್ರೇಡಿನ ದುಬಾರಿ ಸೆಟ್ ಒಂದನ್ನ ತರಿಸಿದೆ. ಇಂಚು, ಪೌಂಡ್, ಸೆಂಟ್, ಮಿಲಿಯನ್ ಎಲ್ಲಾ ಇತ್ತು. ನಮ್ಮ ಲಕ್ಷ, ಕೋಟಿ ಇರಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕು ಅಂತಲೇ ದಿನಾ ಜಗಳ. ಮೂರು ವಾರಕ್ಕೆ ಪುಸ್ತಕ ನೋಡಿದ್ರೆ ಸಾಕು, ಮಗಳು ಅಳೋಕೆ ಶುರು ಮಾಡಿದಳು.

ಒಂದಿನ ಅವಳು 1/2 + 1/3 = 2/5 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ಬೈದೆ. ರಾತ್ರಿ ಪಾತ್ರೆ ತೊಳೀತಾ ಹೊಳೀತು: ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ, ಅದು ಅವಳಿಗೆ ವಿಚಿತ್ರ ಅನ್ನಿಸ್ತಾನೇ ಇಲ್ಲ! ಅಂದ್ರೆ ತೊಡಕು ಕೂಡೋದರಲ್ಲಿಲ್ಲ. ಭಿನ್ನರಾಶಿಗೂ ಒಂದು ಗಾತ್ರ ಇದೆ ಅನ್ನೋದೇ ಅವಳಿಗೆ ಗೊತ್ತಿಲ್ಲ. ಶಾಲೆಯಲ್ಲಿ ಇಷ್ಟು ವರ್ಷ ಮಾರ್ಕ್ಸ್ ಚೆನ್ನಾಗೇ ಬರ್ತಿತ್ತು ನೋಡಿ.

ಆಮೇಲೆ ಪ್ಲೇಸ್‌ಮೆಂಟ್ ಟೆಸ್ಟ್ ಮಾಡಿಸಿದೆ. ಮ್ಯಾಥ್ ಮ್ಯಾಮತ್, ಸಿಂಗಾಪುರ್ ಮ್ಯಾಥ್ ಇವರ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಮೂರನೇ ಗ್ರೇಡ್ ಬಂತು. ನನಗೆ ನಾಚಿಕೆ, ಎರಡು ದಿನ ಯಾರಿಗೂ ಹೇಳಲಿಲ್ಲ. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರು ಕಂಡುಹಿಡಿದೇ ಬಿಟ್ಟರು. "ಏನವಾ, ಐದನೇ ಇಯತ್ತೆ ಹುಡುಗಿ ಮೂರನೇ ಇಯತ್ತೆ ಲೆಕ್ಕ ಯಾಕ ಮಾಡಾಕತ್ತಾಳ?" ಉತ್ತರ ಕೊಡೋಕೆ ಆಗಲಿಲ್ಲ.

ಪದ್ಧತಿಗಳಲ್ಲಿ ಎರಡು ಜಾತಿ. ಸ್ಯಾಕ್ಸನ್ ಥರದ್ದರಲ್ಲಿ ದಿನಕ್ಕೆ ಚೂರು ಹೊಸದು, ಜೊತೆಗೆ ಹಳೇದೆಲ್ಲ ಮತ್ತೆ ಮತ್ತೆ. ಸಿಂಗಾಪುರದ್ದರಲ್ಲಿ ಒಂದೇ ವಿಷಯದ ಮೇಲೆ ವಾರಗಟ್ಟಲೆ ಕೂರ್ತಾರೆ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಮರೆಯೋ ಮಗುವಿಗೆ ಮೊದಲನೇದು ಸರಿ. ನನ್ನ ಮಗಳದ್ದು ಮರೆವಲ್ಲ, ಅರ್ಥವೇ ಆಗದಿರೋದು. ಹಾಗಾಗಿ ಎರಡನೇದು.

ಅವರ ಪಟ್ಟಿ ಚಿತ್ರ ನೋಡಿ. ದುಡ್ಡಲ್ಲಿ 3/5 ಖರ್ಚಾಯ್ತು, 80 ರೂಪಾಯಿ ಉಳೀತು, ಮೊದಲು ಎಷ್ಟಿತ್ತು? ಒಂದು ಉದ್ದ ಪಟ್ಟಿ ಬರೆದು ಐದು ಮನೆ ಮಾಡಿ, ಮೂರು ಹೊಡೆದುಹಾಕಿ. ಉಳಿದ ಎರಡು ಮನೆ 80, ಒಂದು ಮನೆ 40, ಒಟ್ಟು 200. ಬೀಜಗಣಿತ ಬೇಡವೇ ಬೇಡ.

ಇದಕ್ಕೆ ಪೂರ್ತಿ ಸೆಟ್ ಕೊಳ್ಳಬೇಕಿಲ್ಲ. ನಮ್ಮ ಎನ್‌ಸಿಇಆರ್‌ಟಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಇದೆ, ರೂಪಾಯಿ-ಲಕ್ಷದ ಲೆಕ್ಕವೂ ಸಿಗುತ್ತೆ. ಅದೇ ನಮ್ಮ ಮುಖ್ಯ ಪುಸ್ತಕ. ಭಿನ್ನರಾಶಿಗೆ ಮಾತ್ರ ಮ್ಯಾಥ್ ಮ್ಯಾಮತ್‌ನ ಬಿಡಿ ಪುಸ್ತಕ. ಬೀಸ್ಟ್ ಅಕಾಡೆಮಿ ಕಾಮಿಕ್ಸ್ ಚೆನ್ನಾಗಿದೆ, ಆದ್ರೆ ಕಷ್ಟ, ಭಾನುವಾರಕ್ಕೆ ಸಾಕು. ಪರೀಕ್ಷೆಯ ಚಿಂತೆ ಇರೋರಿಗೆ: ಎನ್‌ಐಒಎಸ್‌ನ ಓಪನ್ ಬೇಸಿಕ್ ಎಜುಕೇಶನ್‌ನಲ್ಲಿ 'ಬಿ' ಹಂತ ಐದನೇ ಕ್ಲಾಸಿಗೆ ಸಮ, 'ಸಿ' ಎಂಟನೇದಕ್ಕೆ.

ಭಿನ್ನರಾಶಿ ಕೊನೆಗೆ ಕೂತಿದ್ದು ಅಡುಗೆಮನೆಯಲ್ಲಿ. ಅಜ್ಜಿ ರೊಟ್ಟಿ ಹರಿದು "ಕಾಲು, ಅರ್ಧ, ಮುಕ್ಕಾಲು" ಅಂದ್ರು. ಥ್ರೀ-ಫೋರ್ತ್ ಗೊತ್ತಿದ್ದ ಹುಡುಗಿಗೆ ಮುಕ್ಕಾಲು ಗೊತ್ತಿರಲಿಲ್ಲ. "ಮೂರು ಕಾಲು, ಮುಕ್ಕಾಲು!" ಅಂತ ಅವಳೇ ಬಿಡಿಸಿಕೊಂಡಳು. ಹೋದ ವಾರ ಹಳೇ ಲೆಕ್ಕ ಮತ್ತೆ ಕೊಟ್ಟೆ. 5/6 ಅಂತ ಬರೆದು, "ಅಮ್ಮ, ಒಂದಕ್ಕಿಂತ ಸ್ವಲ್ಪ ಕಡಿಮೆ ಬರಬೇಕು ಅಲ್ವಾ?" ಅಂದಳು. ದಶಮಾಂಶ ಇನ್ನೂ ಶುರುವೇ ಮಾಡಿಲ್ಲ.